ಚೀನಾದವನ ಕಸರತ್ತು

ನಮ್ಮ ಭಾವನ, ಅಂದರೆ ನನ್ನ ಗಂಡನ ಅಣ್ಣನ, ಮಾತು ಯಾರಾದರೂ ಎತ್ತಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹೆತ್ತ ತಾಯಿಯನ್ನು ಎತ್ತು ಕಟ್ಟುವ ಹಗ್ಗದಿಂದ ಕಂಬಕ್ಕೆ ಬಿಗಿದವನು ಆತ. ಊರಿಗೆಲ್ಲ ದೊಡ್ಡ ಮನುಷ್ಯ, ಮನೆಯೊಳಗೆ ಇಂಥ ಪೌರುಷ!

ಅತ್ತೆಗೆ ಅರಳುಮರಳು. ಉಂಡದ್ದು ಮರೆಯುತ್ತಿದ್ದಳು, ನನ್ನ ಗುರುತೂ ಮರೆಯುತ್ತಿದ್ದಳು. ಜೇವರ್ಗಿಯ ತವರುಮನೆಯೊಂದೇ ನೆನಪು. ಅಫಜಲಪುರದ ಹತ್ತಿರದ ನಮ್ಮ ಹಳ್ಳಿಯಿಂದ ಬೆಳಕು ಹರಿಯುತ್ತಲೇ ಅಲ್ಲಿಗೆಂದು ಹೊರಟು, ಭೀಮಾ ಹೊಳೆಯ ದಂಡೆಗೆ ಹೋಗಿ ನಿಲ್ಲುವಳು. ಅದಕ್ಕೇ ಹಗ್ಗ.

ನಿಜಾಮನ ಕಾಲ ಅದು. ಆ ಮಳೆಗಾಲ ಹೊಳೆ ತುಂಬಿ, ಸೈಕಲ್ ಮೇಲೆ ರೇಷ್ಮೆ ಬಟ್ಟೆ ಮಾರುವ ಚೀನಾದವನೊಬ್ಬ ನಮ್ಮೂರಲ್ಲಿ ಸಿಕ್ಕಿಕೊಂಡ. ನನ್ನ ಗಂಡ ಪಡಸಾಲೆಯಲ್ಲಿ ಜಾಗ ಕೊಟ್ಟರು. ಬೆಳಗ್ಗೆ ಅಂಗಳದಲ್ಲಿ ನಿಂತು ಅವನದೊಂದು ಕಸರತ್ತು: ಮೊಣಕಾಲು ತುಸು ಬಗ್ಗಿಸಿ, ನೀರೊಳಗೆ ಕೈಯಾಡಿಸಿದ ಹಾಗೆ ನಿಧಾನವಾಗಿ ಕೈ ಎತ್ತುವುದು, ಇಳಿಸುವುದು, ತಿರುಗುವುದು. ಕಂಬದ ಬಳಿಯಿಂದ ಅತ್ತೆಯೂ ಕೈ ಎತ್ತಿದಳು. ಅವನು ನಕ್ಕು, ಮುರುಕು ಉರ್ದುವಿನಲ್ಲಿ ನನ್ನ ಗಂಡನಿಗೆ ಹೇಳಿ ಹಗ್ಗ ಬಿಚ್ಚಿಸಿದ. ಅವನ ಊರಲ್ಲಿ ಮುದುಕರೆಲ್ಲ ಹೀಗೇ ಮಾಡುತ್ತಾರಂತೆ.

ಅಂದಿನಿಂದ ದಿನವೂ ಇಬ್ಬರದೂ ಎದುರುಬದುರು ಕಸರತ್ತು. ಮುಗಿದ ಮೇಲೆ ಅತ್ತೆ ಹೊಳೆಯ ಕಡೆ ಹೋಗುತ್ತಿರಲಿಲ್ಲ. ಕೂತು ತನ್ನ ಕೈಯಾರೆ ರೊಟ್ಟಿ ಮುರಿದು ತಿನ್ನುತ್ತಿದ್ದಳು. ನೆನಪೇನೂ ಮರಳಲಿಲ್ಲ, ಹಗ್ಗ ತಪ್ಪಿತ್ತು. ನಾನು ಮಾತ್ರ ಸೆರಗು ಹೊದ್ದು ಅಡುಗೆಮನೆಯ ಬಾಗಿಲ ಮರೆಯಲ್ಲಿ. ಸೊಸೆಯಾದವಳು ಪರಗಂಡಸನ್ನು ನೋಡಬಾರದಲ್ಲ! ಕದ್ದು ಕಂಡಷ್ಟೇ ಕಲಿತೆ.

ಆಳಂದಕ್ಕೆ ಹೋಗಿದ್ದ ಭಾವ ತಿರುಗಿ ಬಂದವನೇ ಇದನ್ನು ಕಂಡ. ಗಾಳಿಯಲ್ಲಿ ಕೈ ತಿರುವುವುದಕ್ಕೆ ನಮ್ಮ ಕಡೆ ಒಂದೇ ಅರ್ಥ.

“ಲೇ ತಮ್ಮಾ, ಇಂವ ಭಾನಾಮತಿ ಮಾಡಾಕತ್ತಾನ! ಅವ್ವನ ಜೀವಾ ತಿಂತಾನ! ಇವನ ಹಲ್ಲ ಕೀಳ್ರಿ!”

ಮಾಟಗಾರನ ಮುಂದಿನ ಹಲ್ಲು ಕಿತ್ತರೆ ಅವನ ಮಂತ್ರ ನಾಟುವುದಿಲ್ಲವೆಂದು ನಂಬಿದ ಜನ. ಇಕ್ಕಳ ತಂದ ಪುಣ್ಯಾತ್ಮರೂ ಇದ್ದರು. ನನ್ನ ಗಂಡ ಅಡ್ಡ ನಿಂತದ್ದಕ್ಕೆ ಆ ಬಡಪಾಯಿ ಬಟ್ಟೆಗಂಟನ್ನೂ ಬಿಟ್ಟು ಸೈಕಲ್ ಹತ್ತಿ ಬಂದ ದಾರಿಯಲ್ಲೇ ಪಾರಾದ. ಅತ್ತೆಗೆ ಮತ್ತೆ ಹಗ್ಗ.

ಮರುದಿನ ಬೆಳಗ್ಗೆ ನಾನು ಕುಡಗೋಲು ತಂದು ಆ ಹಗ್ಗ ಕೊಯ್ದೆ. ಅತ್ತೆ ನೆಟ್ಟಗೆ ಅಂಗಳಕ್ಕೆ ಹೋಗಿ ಎರಡೂ ಕೈ ಎತ್ತಿದಳು. ಎತ್ತಿ ಹಾಗೇ ನಿಂತಳು. ಮುಂದಿನದು ನೆನಪಿಲ್ಲ, ತೋರಿಸಲು ಎದುರಿಗೆ ಯಾರೂ ಇಲ್ಲ.

“ನೋಡ್ರಿ, ಆ ಚೀನಾದಂವ ಮಾಟಾ ಮಾಡಿ ನಮ್ಮವ್ವನ ಮೈ ಕಟ್ಟಿ ಹೋಗ್ಯಾನ!” ಎಂದು ಭಾವ ಓಣಿಯ ಜನರನ್ನೆಲ್ಲ ಕೂಗಿ ಕರೆದ.

ಅಂದಿನ ತನಕ ನಾನು ಭಾವನ ಎದುರು ಬಾಯಿ ಬಿಟ್ಟವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತೆಯ ಎದುರು ಎರಡೂ ಕೈ ಎತ್ತಿ ನಿಂತೆ.

“ನಾನೂ ಮಾಡ್ತೇನಿ. ಬರ್ರಿ, ನನ್ನ ಹಲ್ಲೂ ಕೀಳ್ರಿ,” ಅಂದೆ.

ಯಾರೂ ಬರಲಿಲ್ಲ. ಕೈ ಇಳಿಸಿದೆ, ಅತ್ತೆಯೂ ಇಳಿಸಿದಳು. ತಿರುಗಿದೆ, ತಿರುಗಿದಳು. ಅದರ ಮುಂದಿನದು ಆ ಬಾಗಿಲ ಮರೆಯಿಂದ ನನಗೆ ಕಂಡಿರಲೇ ಇಲ್ಲ. ಅತ್ತೆ ನನ್ನ ಕೈಗಳನ್ನೇ ನೋಡುತ್ತ ಕಾದಳು. ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದೆ.