ಹೊರಟವಳ ಹಣೆಗೆ ಕುಂಕುಮ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಚಾಮರಾಜಪೇಟೆಯ ನಮ್ಮ ಬೀದಿಯ ಮಕ್ಕಳು ರೈಲು ಹತ್ತಿ ಊರಿಗೆ ಹೋಗುತ್ತಿದ್ದರು. ನಾನೂ ಸಾವಿತ್ರಕ್ಕನೂ ಹೋಗುತ್ತಿದ್ದದ್ದು ನಗರ್ತಪೇಟೆಗೆ, ಅಪ್ಪನ ಫೋಟೋ ಕಟ್ಟು ಹಾಕುವ ಅಂಗಡಿಗೆ. ಮರದ ಹೊಟ್ಟು, ಮೈದಾ ಅಂಟಿನ ಹುಳಿ ವಾಸನೆ, ಪೊಟ್ಟಣದಲ್ಲಿ ಕಡ್ಲೆಪುರಿ. ಕಟ್ಟು ಹಾಕಿ ಮುಗಿದ ದೇವರ ಪಟಗಳ ಗಾಜಿಗೆ ಕುಂಕುಮ ಇಟ್ಟು ಕಳಿಸುವುದು ಅಕ್ಕನ ಕೆಲಸ.

ಒಂದು ದಿನ ಬಸವನಗುಡಿಯ ಮೇಷ್ಟ್ರೊಬ್ಬರು ಫ್ರಾನ್ಸ್ ದೇಶದ ಅಚ್ಚಿನ ಚಿತ್ರವೊಂದನ್ನು ತಂದರು. ನೂರು ವರ್ಷಕ್ಕೂ ಹಳೆಯದಂತೆ.

"ಸಂಜೆ ಐದಕ್ಕೆ ಬರ್ತೀನಿ. ಜೋಪಾನ ಕಣ್ರೀ, ಇಂಥದ್ದು ಇನ್ನೊಂದು ಸಿಗಲ್ಲ."

ಬರೀ ಕಪ್ಪು ಮಸಿ. ಆದರೆ ಏನು ಗಲಾಟೆ ಅದರೊಳಗೆ! ರೈಲು ಹಿಡಿಯಲು ಓಡುವ ಜನ. ಹಾರಿಹೋದ ಹ್ಯಾಟಿನ ಹಿಂದೆ ಓಡುವವನು, ಕೊಡೆಯಿಂದ ತಿವಿದು ದಾರಿ ಮಾಡಿಕೊಳ್ಳುವ ದಪ್ಪ ಹೆಂಗಸು, ಎಲ್ಲರ ಕಾಲಿಗೂ ಸಿಕ್ಕುವ ನಾಯಿ. ಅಪ್ಪ ಗಾಜು ತರಲು ಹೋದದ್ದೇ ತಡ, ನಾವೂ ಖಾಲಿ ಡಬ್ಬ ಹೊತ್ತು ಅಂಗಡಿಯೊಳಗೇ ಓಡಿದೆವು.

"ಬೇಗ ಬಾರೇ, ರೈಲು ಹೊರಟ್ಹೋಗುತ್ತೆ!"

"ತಾಳೇ ಅಕ್ಕಾ, ನನ್ನ ಹ್ಯಾಟು!"

ನಕ್ಕು ಸುಸ್ತಾಗಿ ಮತ್ತೆ ಚಿತ್ರದ ಮುಂದೆ ಕೂತೆವು. ಮೂಲೆಯಲ್ಲಿ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಹಿಂದಕ್ಕೆ ತಿರುಗಿ ನೋಡುತ್ತಿದ್ದಳು.

"ಅಕ್ಕಾ, ಅವಳ ಹಣೆ ನೋಡೇ, ಖಾಲಿ."

"ಅಯ್ಯೋ, ಊರಿಗೆ ಹೊರಟವಳನ್ನ ಹಾಗೇ ಕಳಿಸ್ತಾರಾ?" ಎಂದವಳೇ ಅಕ್ಕ ಬೆರಳದ್ದಿ ಕುಂಕುಮ ಇಟ್ಟೇಬಿಟ್ಟಳು. ಇನ್ನೂ ಗಾಜು ಹಾಕಿರಲಿಲ್ಲ. ಬರೀ ಕಾಗದ.

ಒರೆಸಲು ಹೋದರೆ ಇನ್ನಷ್ಟು ಹರಡಿತು. ಗಾಜು ಹಿಡಿದು ಬಂದ ಅಪ್ಪ ಬೈಯಲೂ ಇಲ್ಲ, ಸುಮ್ಮನೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಅದಕ್ಕೇ ನಮಗೆ ಹೆಚ್ಚು ಹೆದರಿಕೆಯಾಯಿತು. ಐದಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಕನ್ನಡಕ ಏರಿಸಿದರು.

"ಯಾರಮ್ಮಾ ಇಟ್ಟಿದ್ದು?"

"ನಾನೇ ಸಾರ್. ಅವರು ಊರಿಗೆ ಹೋಗ್ತಿದಾರಲ್ಲ, ಅದಕ್ಕೆ..." ಎಂದಳು ಅಕ್ಕ.

ಮೇಷ್ಟ್ರು ಚಿತ್ರವನ್ನೆತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಹಾಗೇ ಗಾಜು ಹಾಕ್ಬಿಡ್ರೀ. ಪಾಪ, ಇಷ್ಟು ವರ್ಷಕ್ಕೆ ಅವಳನ್ನ ಕಳಿಸಿಕೊಡೋರು ಒಬ್ಬರು ಸಿಕ್ಕಿದ್ರು" ಎಂದರು.

ಆ ಸಂಜೆ ಮನೆಯವರೆಗೂ ರೈಲು, ರೈಲು ಎಂದು ಕೂಗುತ್ತಾ ಓಡಿದೆವು.

ಆ ಅಂಗಡಿ ಈಗಿಲ್ಲ. ಚಿತ್ರ ಯಾರ ಮನೆಯಲ್ಲಿದೆಯೋ. ಹೋದ ತಿಂಗಳು ಅಕ್ಕನೂ ತೀರಿಕೊಂಡಳು. ಭಾವ ಹೋದಾಗಿನಿಂದ ಅವಳ ಹಣೆ ಖಾಲಿಯೇ ಇತ್ತು. ನಾನು ಕುಂಕುಮದ ಬಟ್ಟಲು ತಂದಾಗ ಹಿರಿಯರೊಬ್ಬರು, "ಬೇಡಮ್ಮಾ, ಇಡಬಾರದು" ಎಂದರು. ಇಟ್ಟೆ. ಹೊರಗೆ ಗಾಡಿಯವರು ಅವಸರ ಮಾಡುತ್ತಿದ್ದರು. "ಬೇಗ ಬಾರೇ" ಎಂದು ನನ್ನನ್ನು ಕರೆಯುವವರು ಮಾತ್ರ ಯಾರೂ ಇರಲಿಲ್ಲ.