ಸೈಡು ಕೊಟ್ಟ ಕೈ

ನನಗೆ ಕಾರು ಕಲಿಸಿದವರು ಜಯನಗರದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಒಬ್ಬ ಮುದುಕ ಲಾರಿ ಡ್ರೈವರು. ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ಕೊಂಡಿದ್ದ ಹಳೆಯ ಕಾರಿಗೆ ಮಿನುಗುವ ದೀಪ ಗೀಪ ಏನೂ ಇರಲಿಲ್ಲ. ಹೇಳುವುದನ್ನೆಲ್ಲ ಬಲಗೈಯನ್ನು ಕಿಟಕಿಯಾಚೆ ಹಾಕಿಯೇ ಹೇಳಬೇಕು. ನೆಟ್ಟಗೆ ಚಾಚಿದರೆ ಬಲಕ್ಕೆ ಹೋಗುತ್ತೇನೆ ಎಂದು, ಅಂಗೈಯನ್ನು ಮೇಲೆ ಕೆಳಗೆ ಆಡಿಸಿದರೆ ನಿಧಾನ ಮಾಡುತ್ತೇನೆ ಎಂದು, ಹಿಂದಿನಿಂದ ಮುಂದಕ್ಕೆ ಬೀಸಿದರೆ ‘ಸೈಡು ಕೊಟ್ಟಿದ್ದೇನೆ, ಮುಂದೆ ಹೋಗು’ ಎಂದು. ನಾನು ಗಾಳಿಗೆ ಸುಮ್ಮನೆ ಕೈ ಆಚೆ ಇಟ್ಟರೂ ಆ ಮುದುಕ ಮೊಣಕೈಗೆ ಹೊಡೆಯುತ್ತಿದ್ದರು.

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಕೈನೂ ಹಂಗೇ ಕಣಪ್ಪಾ” ಎನ್ನುತ್ತಿದ್ದರು.

ನನಗೆ ಇಪ್ಪತ್ತೆರಡು. ಮುದುಕನ ಪಾಠ ನಗೆಪಾಟಲು ಅನ್ನಿಸುತ್ತಿತ್ತು. ಖಾಲಿ ರಸ್ತೆಗಳು, ದಿನಕ್ಕೆ ನಾಲ್ಕು ಬಸ್ಸು, ಎತ್ತಿನಗಾಡಿ, ಸೈಕಲ್ಲು. ಯಾರಿಗೆ ಹೇಳಬೇಕಿತ್ತು ಅಷ್ಟೊಂದು?

ಒಂದು ದಿನ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬನ್ನೇರುಘಟ್ಟ ರಸ್ತೆಯಲ್ಲಿ ಹೊರಟಿದ್ದೆ. ಬೆಳಗಿನ ಹತ್ತು ಗಂಟೆ ಇರಬಹುದು. ಹುಳಿಮಾವಿನ ಹತ್ತಿರ ಅಮ್ಮನ ಪರಿಚಯದವರ ಮನೆಯಲ್ಲಿ ಗೃಹಪ್ರವೇಶ. ಟಾರು ಇದ್ದದ್ದು ನಡುವೆ ಒಂದೂವರೆ ಗಾಡಿಯ ಅಗಲ, ಎರಡು ಕಡೆಯೂ ಕೆಂಪು ಮಣ್ಣು. ಎದುರಿನಿಂದ ಯಾರಾದರೂ ಬಂದರೆ ಮಣ್ಣಿಗಿಳಿಯಬೇಕು. ಧೂಳು ಬೇಡ ಎಂದು ನಾನು ಟಾರಿನ ನಡುವೆಯೇ ಹೋಗುತ್ತಿದ್ದೆ. ಹಿಂದೆ ಒಬ್ಬ ಸ್ಕೂಟರಿನವರು ಬಹಳ ಹೊತ್ತಿನಿಂದ ಹಾರನ್ ಹೊಡೆಯುತ್ತಿದ್ದರು. ಕನ್ನಡಿಯಲ್ಲಿ ಕಂಡಿದ್ದೆ: ಬಿಳಿ ಷರಟು, ಮೂವತ್ತರ ಆಸುಪಾಸು. ಸೈಡು ಕೊಡಲಿಲ್ಲ. ಕೊಡಬಹುದಿತ್ತು. ಕಾರಿನವನೆಂಬ ಕೊಬ್ಬು, ಇನ್ನೇನು.

ದಾರಿಯ ಬಲಕ್ಕೆ, ತಿರುವಿನಲ್ಲಿ, ಆಲದ ಮರದ ಕೆಳಗೆ ಒಂದು ಮುನೇಶ್ವರನ ಗುಡಿ. ಆ ದಾರಿಯಲ್ಲಿ ಗಾಡಿ ಓಡಿಸುವವರೆಲ್ಲ ಅಲ್ಲಿ ಕಾಸು ಎಸೆದೇ ಮುಂದೆ ಹೋಗುತ್ತಿದ್ದರು. ಎಸೆಯದೆ ಹೋದವನ ಗಾಡಿ ವಾಪಸು ಬರುವುದಿಲ್ಲ ಎಂಬ ಮಾತಿತ್ತು. ಅಮ್ಮ ಹಿಂದಿನಿಂದ ನನ್ನ ಅಂಗೈಗೆ ಒಂದು ನಾಣ್ಯ ತುರುಕಿ, ಹಾಕು ಎಂದಳು. ನಾನು ವೇಗ ಇಳಿಸಿದೆ. ಕೈ ಆಚೆ ಹಾಕಿ, ನಾಣ್ಯ ಗುಡಿಯ ಕಟ್ಟೆಗೆ ಬೀಳಲೆಂದು ಹಿಂದಿನಿಂದ ಮುಂದಕ್ಕೆ ಬೀಸಿ ಎಸೆದೆ.

ಸ್ಕೂಟರು ನನ್ನ ಬಲಕ್ಕೆ ಬಂತು. ಆತ ನನ್ನ ಕಡೆ ತಿರುಗಿ, ಉಪಕಾರವಾಯಿತು ಎನ್ನುವ ಹಾಗೆ ತಲೆ ಬಾಗಿಸಿದರು. ಮರದ ಮರೆಯಿಂದ ಕಲ್ಲು ತುಂಬಿದ ಲಾರಿ ಬಂತು. ಮುಂದಿನದನ್ನು ಬರೆಯುವುದಿಲ್ಲ. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು, ನಾನು ಮುಚ್ಚಿಕೊಳ್ಳಲಿಲ್ಲ, ಅಷ್ಟೇ.

ಪೊಲೀಸಿನವರು ಬಂದು ಕೇಳಿದ್ದು ಒಂದೇ ಪ್ರಶ್ನೆ: ಸೈಡು ಕೊಟ್ಟಿರಾ? ಇಲ್ಲ ಎಂದೆ. ಲಾರಿಯವನೂ ಸ್ಕೂಟರು ಏಕಾಏಕಿ ನುಗ್ಗಿತು ಎಂದ. ಹಾಗೇ ಬರೆದುಕೊಂಡರು. ಮನೆಗೆ ಬರುವಾಗ ಅಮ್ಮ ಒಂದು ಮಾತು ಹೇಳಿದಳು.

“ನೀನು ಕೊಟ್ಟಿದ್ದು ದೇವರಿಗೆ ಕಣೋ. ಅವರಿಗಲ್ಲ.”

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಸುಳ್ಳಲ್ಲವಲ್ಲ! ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ, ಆದರೂ ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಥೂ, ಎಂಥ ಬುದ್ಧಿವಂತ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸ್ಕೂಟರಿನವರ ಹೆಂಡತಿ ಮನೆ ಹುಡುಕಿಕೊಂಡು ಬಂದರು. ಕಂಕುಳಲ್ಲಿ ಮಗು. ಆಕೆಗೆ ನನಗಿಂತ ಚಿಕ್ಕ ವಯಸ್ಸು. ಅಮ್ಮ ಅಭ್ಯಾಸಬಲದಿಂದ ಕುಂಕುಮದ ಬಟ್ಟಲು ತಂದವಳು ಬಾಗಿಲಲ್ಲೇ ನಿಂತು, ಹಾಗೇ ಒಳಗೆ ಹೋದಳು. ಆಕೆ ಜಗಳಕ್ಕೆ ಬಂದಿದ್ದಾರೆ, ಪರಿಹಾರ ಕೇಳುತ್ತಾರೆ ಎಂದುಕೊಂಡೆ. ಕೇಳಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಆಕೆ ತವರಿಗೆ, ಹುಳಿಮಾವಿಗೆ, ಹೋಗಿದ್ದಾಗ ಮಗುವಿಗೆ ಜ್ವರ ಬಂದು, ಗಂಡನಿಗೆ ಬೇಗ ಬನ್ನಿ ಎಂದು ಹೇಳಿ ಕಳಿಸಿದ್ದರಂತೆ. ನೀನು ಅವಸರ ಮಾಡಿದ್ದಕ್ಕೇ ನನ್ನ ಮಗ ನುಗ್ಗಿ ಹೋಗಿ ಸತ್ತ ಎಂದು ಅತ್ತೆ ದಿನವೂ ಅನ್ನುತ್ತಾರಂತೆ. ಆಕೆಗೆ ನಂಬಿಕೆ ಇಲ್ಲ. ಸ್ಕೂಟರಿನಲ್ಲಿ ಹಿಂದೆ ಕೂತು ಎಷ್ಟೋ ಸಲ ಹೋಗಿದ್ದಾರೆ. ಎತ್ತಿನಗಾಡಿಯವನು ಕೈ ಬೀಸುವವರೆಗೂ ಅದರ ಹಿಂದೆ ಮೆಲ್ಲಗೆ ಬರುತ್ತಿದ್ದ ಮನುಷ್ಯ ಅವರು. ಇದನ್ನೆಲ್ಲ ಆಕೆ ಅಳದೆ ಹೇಳಿದರು. ಮಗು ನನ್ನ ಷರಟಿನ ಗುಂಡಿ ಹಿಡಿಯಲು ಕೈ ಚಾಚುತ್ತಿತ್ತು.

“ಸೈಡ್ ಕೊಡದೆ ಅವರು ಮುಂದೆ ಹೋಗೋರೇ ಅಲ್ಲ ಸ್ವಾಮಿ. ನೀವು ಕೈ ತೋರಿಸಿದ್ರಾ? ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ಗೊತ್ತಾದ್ರೆ ಸಾಕು.”

ಒಳಗೆ ಅಮ್ಮನ ಬಳೆಯ ಸದ್ದು ನಿಂತಿತು. ಒಂದು ‘ಹೌದು’ ಹೇಳಿದ್ದರೆ ಆಕೆಯ ತಲೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಅದು ನನ್ನ ತಲೆಗೆ ಬರುತ್ತಿತ್ತು, ಬರಬೇಕಾದದ್ದೇ. ಪೊಲೀಸು, ಕೋರ್ಟು, ಅಪ್ಪನ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

“ಇಲ್ಲಮ್ಮ. ನಾನು ಸೈಡ್ ಕೊಟ್ಟಿಲ್ಲ” ಎಂದೆ.

ಆಕೆ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು.

“ಹಂಗಾದ್ರೆ ನಮ್ಮತ್ತೆ ಹೇಳೋದೇ ನಿಜ. ನನ್ನಿಂದಾನೇ ಹೋದ್ರು.”

ತೊಂದರೆ ಕೊಟ್ಟೆ, ತಪ್ಪು ತಿಳಿಯಬೇಡಿ ಎಂದು ಹೇಳಿ ಗೇಟು ಹಾಕಿಕೊಂಡು ಹೊರಟರು. ಮಗುವಿನ ಭಾರಕ್ಕೆ ನಿಧಾನವಾಗಿ ನಡೆಯುತ್ತಿದ್ದರು. ಬೀದಿ ಕೊನೆ ಮುಟ್ಟಲು ಬಹಳ ಹೊತ್ತು ಹಿಡಿಯಿತು. ಕೂಗಿದ್ದರೆ ಅಷ್ಟು ಹೊತ್ತೂ ಕೇಳಿಸುವಷ್ಟೇ ದೂರದಲ್ಲಿದ್ದರು. ನಾನು ಕೂಗಲಿಲ್ಲ.