ಕೈಯಿಲೋ, ಸೀಟಿಲೋ?

ನಡುಗುವ ಕಾರು ಯಾರದೇ ಇರಲಿ, ನಾನು ಬ್ಯಾಂಕ್ ಕೆಲಸಕ್ಕಿದ್ದ ಕಲೂರಿನ ಮೆಕ್ಯಾನಿಕ್ ಮಲಯಾಳದಲ್ಲಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಕೈಯಿಲೋ, ಸೀಟಿಲೋ?” ಸ್ಟೀರಿಂಗ್ ಹಿಡಿದ ಕೈಗೆ ನಡುಕ ತಟ್ಟಿದರೆ ಮುಂದಿನ ಚಕ್ರ, ಕೂತ ಸೀಟಿಗೆ ತಟ್ಟಿದರೆ ಹಿಂದಿನದು.

ನನ್ನ ಕಾರು ಎಂಬತ್ತರ ವೇಗ ದಾಟಿದರೆ ನಡುಗುತ್ತಿತ್ತು. ಮರುದಿನ ಮಗಳೊಂದಿಗೆ ತಿರುವನಂತಪುರಕ್ಕೆ ಹೊರಡುವುದಿತ್ತು. ಬ್ಯಾಂಕಿನ ಕೌಂಟರಿನಲ್ಲಿ ಕಲಿತ ಮಲಯಾಳದಲ್ಲಿ, “ಚೇಟ್ಟಾ, ವಂಡಿಕ್ಕ್ ವಿರ ಉಂಡ್” ಎಂದೆ; ಅಣ್ಣಾ, ಗಾಡಿಗೆ ನಡುಕ ಇದೆ ಎನ್ನಲು ಹೊರಟಿದ್ದೆ. ನಡುಕ ಎನ್ನಲು ‘ವಿರ’ದ ‘ರ’ ಗಡುಸಾಗಬೇಕು. ನನ್ನ ಮೈಸೂರಿನ ಮೆದು ‘ರ’ದಲ್ಲಿ ಅದರ ಅರ್ಥವೇ ಬದಲಾಗಿ, ಕಾರಿಗೆ ಜಂತುಹುಳ ಆಗಿತ್ತು. ಅವರು ನಗಲಿಲ್ಲ.

“ವಿರಯೋ? ಕೈಯಿಲೋ, ಸೀಟಿಲೋ?”

“ಸೀಟಿಲ್.”

ಕಾರನ್ನು ಜಾಕ್ ಹಾಕಿ ಎತ್ತಿದರು. ಹಿಂದಿನ ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತ, ಕಣ್ಣು ಮುಚ್ಚಿ, ಟೈರಿನ ಒಳಬದಿಯನ್ನು ಅಂಗೈಯಿಂದ ಸವರಿದರು. ಒಂದು ಕಡೆ ಅಂಗೈ ನಿಂತಿತು. ನನ್ನ ಕೈ ಹಿಡಿದು ಅಲ್ಲೇ ಇಟ್ಟರು. ಟೈರು ಆ ಜಾಗದಲ್ಲಿ ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು.

“ಸಾರಿಂಡೆ ವಿರ ಇವಿಡೆ,” ಎಂದರು. ನನ್ನ ಜಂತುಹುಳ ಅಲ್ಲಿತ್ತು. ಹೆದ್ದಾರಿಯಲ್ಲಿ ಅದು ಒಡೆದಿದ್ದರೆ, ಮಗಳು ಕೂರುತ್ತಿದ್ದದ್ದು ಸರಿಯಾಗಿ ಆ ಚಕ್ರದ ಮೇಲೆಯೇ. ನನ್ನ ಬೆರಳುಗಳು ತಾವಾಗಿಯೇ ಅಲುಗತೊಡಗಿದವು.

ಅವರು ಅದನ್ನು ನೋಡಿದರು. ಆಗ ಮೊದಲ ಬಾರಿಗೆ, ‘ರ’ವನ್ನು ಗಡುಸಾಗಿಯೇ ಉಚ್ಚರಿಸಿ, ನನ್ನ ಬೆರಳುಗಳನ್ನು ತೋರಿಸುತ್ತ ನನ್ನನ್ನು ತಿದ್ದಿದರು:

“ಸಾರೇ, ಇದಾಣ್ ವಿರ. ಕೈಯಿಲ್.”